ಲಾಭ, ಒಂದು, ಎರಡು

ಪೆಟ್ಟಿಗೆಗಳು ಮುಗಿಯುವ ಮೊದಲೇ ಅಂಗಿಗಳು ಮುಗಿದವು.

ಇದನ್ನು ಹಿಂದೆ ಯಾರಿಗಾದರೂ ಹೇಳುವಾಗ ಆಗ ಮಳೆ ಬರುತ್ತಿತ್ತು ಎಂದು ಸೇರಿಸುತ್ತಿದ್ದೆ. ಮೇಲೆ ತಗಡಿನ ಸದ್ದು, ಕೆಳಗೆ ನಾವೆಲ್ಲ ಬಾಯಿ ಮುಚ್ಚಿಕೊಂಡು ನಿಂತದ್ದು, ಹೀಗೆ. ಬರೆಯಲು ಕೂತಾಗ ಅನುಮಾನ ಬಂತು. ಮಳೆ ಬಂದಿದ್ದರೆ ರಟ್ಟಿನ ಪೆಟ್ಟಿಗೆಗಳನ್ನು ಹೊರಗಿನ ಜಗಲಿಯಲ್ಲಿ ಯಾರು ಜೋಡಿಸುತ್ತಾರೆ? ಜಗಲಿಯಲ್ಲಿ ಜೋಡಿಸಿದ್ದಂತೂ ನಿಜ, ಅವುಗಳ ಮೇಲೆ ಕೂತ ಕಾಗೆಯನ್ನು ನಾನೇ ಓಡಿಸಿದ್ದೆ. ಆದ್ದರಿಂದ ಮಳೆಯನ್ನು ಬಿಡುತ್ತೇನೆ. ಕಾಗೆ ಇರಲಿ.

ತಿಪಟೂರಿನ ಅಂಚಿನಲ್ಲಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಕಟ್ಟಡ ಅದಕ್ಕೂ ಮೊದಲು ಕೊಬ್ಬರಿ ಮಂಡಿಯ ಗೋಡೌನು. ಬಾಡಿಗೆಗೆ ಹಿಡಿದವರು ನೆಲ ತೊಳೆಸಿದರು, ಸೋಡಾ ಹಾಕಿ ಗೋಡೆ ಉಜ್ಜಿಸಿದರು, ಎರಡು ಸಲ ಸುಣ್ಣ ಹೊಡೆಸಿದರು. ಆದರೂ ಬೇಸಿಗೆಯ ಮಧ್ಯಾಹ್ನ ಗೋಡೆ ಎಣ್ಣೆ ಬೆವರುತ್ತಿತ್ತು. ಬಿಳಿ ಅಂಗಿ ತಾಗಿದರೆ ಕಲೆ, ಕಲೆಯಾದರೆ ಆ ಅಂಗಿ ವಾಪಸ್ಸು. ಭುಜದೆತ್ತರಕ್ಕೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊಡೆಸಿದೆವು. ವಾಸನೆಗೆ ಏನೂ ಮಾಡಲಾಗಲಿಲ್ಲ. ಒಮ್ಮೆ ಖರೀದಿದಾರರ ಕಡೆಯಿಂದ, ನಿಮ್ಮ ಅಂಗಿ ಬಿಚ್ಚಿದರೆ ಅಡುಗೆಮನೆ ವಾಸನೆ ಬರುತ್ತದೆ ಎಂದು ದೂರು ಬಂದಿತ್ತು.

ನಮ್ಮ ವಿಭಾಗದ ಕೆಲಸ ನೋಡಲು ಸುಲಭ. ಇಸ್ತ್ರಿಯಾಗಿ ಬಂದ ಅಂಗಿಯ ಗುಂಡಿ ನೋಡುವುದು, ಬಿಟ್ಟ ದಾರ ಕತ್ತರಿಸುವುದು, ರಟ್ಟು ಇಟ್ಟು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕುವುದು. ಆಮೇಲೆ ಒಂದೇ ಅಳತೆಯ ಇಪ್ಪತ್ತು ಅಂಗಿ ಎಣಿಸಿ ಒಂದು ಪೆಟ್ಟಿಗೆ. ಪೆಟ್ಟಿಗೆ ಮುಚ್ಚಿ, ಖರೀದಿದಾರರ ಹೆಸರು ಅಚ್ಚಾದ ಟೇಪು ಎಳೆದರೆ ಮುಗಿಯಿತು. ಆ ಟೇಪು ಅವರೇ ಕಳಿಸುತ್ತಿದ್ದರು, ಅಳೆದು ಕಳಿಸುತ್ತಿದ್ದರು. ಎಳೆದ ಮೇಲೆ ಬಿಚ್ಚುವ ಹಾಗಿಲ್ಲ.

ಎಣಿಸಿ ತುಂಬುವ ಮೇಜುಗಳಲ್ಲಿ ಒಂದಕ್ಕೆ ಮಂಡಿ ಮೇಜು ಎಂದು ಹೆಸರಾಗಿತ್ತು. ಅಲ್ಲಿದ್ದವರು ಇದೇ ಕಟ್ಟಡದಲ್ಲಿ ಮೊದಲು ಕಾಯಿ ಎಣಿಸುತ್ತಿದ್ದ, ಕೊಬ್ಬರಿ ಆರಿಸುತ್ತಿದ್ದ ಹೆಂಗಸರು. ಬೆಳೆಗಾರರು ತೋಟದಲ್ಲೇ ಹಸಿ ಕಾಯಿ ಮಾರಿ ಕೈತೊಳೆದುಕೊಳ್ಳತೊಡಗಿದ್ದರು. ವರ್ಷವಿಡೀ ಅಟ್ಟದ ಮೇಲೆ ಕಾಯಿ ಹಾಕಿ, ಒಳಗಿನ ನೀರು ಬತ್ತಿ ಕೊಬ್ಬರಿ ಗಿಟುಕಾಗಿ ಅಲ್ಲಾಡುವವರೆಗೆ ಕಾಯುವವರು ಕಡಿಮೆಯಾದರು. ಮಂಡಿ ಯಜಮಾನರು ಬಾಗಿಲು ಮುಚ್ಚಿ ಕಟ್ಟಡ ಬಾಡಿಗೆಗೆ ಕೊಡುವಾಗ, ಈ ಹೆಂಗಸರಿಗೂ ಏನಾದರೂ ನೋಡಿ ಅಂದರಂತೆ. ಹೊಲಿಗೆ ಯಂತ್ರಕ್ಕೆ ಅವರ ಬೆರಳು ಒಗ್ಗಲಿಲ್ಲ, ಹೆಬ್ಬೆರಳು ಕರಟದ ಹಾಗೆ ಗಟ್ಟಿಯಾಗಿತ್ತು. ನನ್ನ ವಿಭಾಗಕ್ಕೆ ಬಂದರು.

ಅವರಲ್ಲಿ ಹಿರಿಯಳನ್ನು ಎಲ್ಲರೂ ಎಣಿಕೆಯಕ್ಕ ಅನ್ನುತ್ತಿದ್ದರು. ಶೆಟ್ಟಿಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವವಳು. ಮೊದಲ ದಿನ ಒಳಗೆ ಬಂದವಳೇ ನಡುವಿನ ಕಂಬ ತಟ್ಟಿ ನನ್ನ ಕಡೆ ನೋಡಿದಳು.

"ಈ ಕಂಬದತ್ರಾನೇ ನಿಂತ್ಕಂಡು ಕಾಯಿ ಎಣಿಸ್ತಿದ್ದೆ ಕಣಪ್ಪ. ನಾನು ಅಂಗಿಗೆ ಬಂದೆ. ಇದುಕ್ ಮಾತ್ರ ಬಡ್ತಿ ಇಲ್ಲ, ಅಲ್ಲೇ ನಿಂತೈತೆ ನೋಡು."

ತರಬೇತಿಯಲ್ಲಿ ನಾನೇ ಪಕ್ಕದಲ್ಲಿ ನಿಂತು ಇಪ್ಪತ್ತಿಪ್ಪತ್ತು ಎತ್ತಿಟ್ಟು ತೋರಿಸಿದ್ದೆ. ಆಮೇಲೆ ಅವರು ತಾವೇ ಎಣಿಸತೊಡಗಿದರು. ಪ್ರತಿ ಮೇಜಿಗೂ ಒಬ್ಬಳು ಚೆಕಿಂಗ್ ಹುಡುಗಿ. ಮಂಡಿ ಮೇಜಿನವಳು ತಿಪಟೂರು ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಬಂದವಳು, ಚುರುಕು. ತುಂಬುವವರು ಗಟ್ಟಿಯಾಗಿ ಎಣಿಸಬೇಕು, ಇವಳು ಕೊನೆಯ ಸಂಖ್ಯೆ ಕೇಳಿ ಪೆಟ್ಟಿಗೆಗೆ ಗುರುತು ಹಾಕಬೇಕು. ಎಣಿಕೆಯಕ್ಕನ ಧ್ವನಿ ನನ್ನ ಕುರ್ಚಿಯವರೆಗೆ ಬರುತ್ತಿತ್ತು. ಲಾಭ ಎಂದು ಶುರು, ಇಪ್ಪತ್ತು ಎಂದು ಮುಗಿತಾಯ. ನಾನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ನಮ್ಮವ್ವ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುತ್ತಿದ್ದಳು, ಆಮೇಲೆ ಎರಡು. ಒಂದು ಎಂದರೆ ಒಂಟಿತನ, ಲಾಭ ಎಂದರೆ ಮನೆಗೆ ಒಳ್ಳೆಯದು. ಈ ಸೀಮೆಯಲ್ಲಿ ಹುಟ್ಟಿದ ಕಿವಿಗೆ ಆ ಮಾತು ಕೇಳಿಯೂ ಕೇಳದ ಹಾಗೆ.

ಅವರು ಬಂದ ಮೇಲೆ ತುಂಬಿದ ಮೊದಲ ಲಾಟು ಅದು. ಆ ದಿನ ಸ್ಟೋರಿನ ಲೆಕ್ಕದ ಪ್ರಕಾರ ಅಂಗಿ ಸರಿಯಾಗಿ ಹೊಲಿದಾಗಿತ್ತು. ಆದರೂ ಕೊನೆಯ ಸಾಲಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಖಾಲಿ ಉಳಿದವು. ಮೇಜಿನ ಕೆಳಗೆ ನೋಡಿದೆವು, ಇಸ್ತ್ರಿಯ ಕಡೆ ನೋಡಿದೆವು, ಕಲೆಯಾಗಿ ಪಕ್ಕಕ್ಕಿಟ್ಟ ಅಂಗಿಗಳನ್ನು ಮತ್ತೆ ಎಣಿಸಿದೆವು. ನಾಡಿದ್ದು ಖರೀದಿದಾರರ ಕಡೆಯ ತಪಾಸಣೆ. ಮ್ಯಾನೇಜರ್ ಬೆಂಗಳೂರಿನವರು, ಕೂಗಾಡುವ ಮನುಷ್ಯರಲ್ಲ. ಸಮಾಧಾನವಾಗಿಯೇ ಹೇಳಿದರು.

"ನನಗೆ ಯಾರ ಮೇಲೂ ದ್ವೇಷ ಇಲ್ಲ. ಹೊಸಬರು ಬಂದ ಮೇಲೆ ಕಡಿಮೆ ಬಿದ್ದಿದೆ. ಹೊಸಬರನ್ನೇ ನೋಡಬೇಕು ತಾನೇ?"

ಸಂಜೆ ಗೇಟಿನಲ್ಲಿ ಮಂಡಿ ಮೇಜಿನವರನ್ನು ಮಾತ್ರ ನಿಲ್ಲಿಸಿದರು. ಉಳಿದವರು ಪಕ್ಕದಲ್ಲೇ ಸಾಗಿ ಹೋಗುತ್ತಾ ನೋಡುತ್ತಿದ್ದರು. ಹೊರಗೆ ಗಾರ್ಮೆಂಟ್ಸ್ ಬಸ್ಸು ನಿಂತಿತ್ತು, ಅದರ ಕಿಟಕಿಗಳಲ್ಲೂ ಮುಖಗಳು. ಗೇಟಿನ ಕಾವಲಿನವನು ಕೂಡ ಹಳೆಯ ಮಂಡಿಯವನೇ. ಅಲ್ಲಿ ಹಮಾಲಿಯಾಗಿ ಮೂಟೆ ಹೊತ್ತವನು, ಈಗ ಟೋಪಿ ಹಾಕಿ ಸೀಟಿ ಹಿಡಿದಿದ್ದ.

"ಅಕ್ಕ, ಮಡ್ಲು ಕೊಡವ್‌ಬೇಕಂತೆ" ಅಂದ, ಅವಳ ಮುಖ ನೋಡದೆ.

"ಯಾರಂತೆ?"

"ಮೇಲ್ನೋರು."

"ಮೂಟೆ ಎತ್ತೋವಾಗ ಉದ್ರಿದ್ ಕೊಬ್ರಿ ಜೇಬಿಗಾಕ್ಕಂತಿದ್ದಲ್ಲ, ಆಗ ನಿನ್ ಜೇಬು ಯಾರ್ಲಾ ಕೊಡವಿದ್ರು?"

ಹಿಂದಿದ್ದವರು ನಕ್ಕರು. ಅವನು ನಗಲಿಲ್ಲ. "ಬುಡಕ್ಕ. ಮೂಟೆ ಹೊತ್ತು ಬೆನ್ನೋಯ್ತು, ಈ ಟೋಪಿ ಹಾಕ್ಕಂಡು ಮಾನ ಹೋಯ್ತು. ಹೊಟ್ಟೆಪಾಡು ಕಣಕ್ಕ."

ಅವಳು ಸೆರಗಿನ ಗಂಟು ಬಿಚ್ಚಿ ಮಡಿಲು ಕೊಡವಿದಳು. ಒಂದು ಚೂರು ಕೊಬ್ಬರಿ, ಒಂದು ಉಂಡೆ ಬೆಲ್ಲ ನೆಲಕ್ಕೆ ಬಿದ್ದವು. ದಾರಿಯಲ್ಲಿ ಬಾಯಿಗೆ ಹಾಕಿಕೊಳ್ಳಲು ಇಟ್ಟದ್ದು. ಯಾರೂ ಎತ್ತಲಿಲ್ಲ. ಆ ಬೆಲ್ಲದ ಮೇಲೆ ಒಂದು ಇರುವೆ ಹತ್ತುವುದನ್ನು ನೋಡಿದ ನೆನಪು ನನಗಿದೆ, ಆದರೆ ಅಷ್ಟು ದೂರದಲ್ಲಿ ನಿಂತು ಇರುವೆ ಕಾಣುವುದು ಹೇಗೆ? ಇದನ್ನೂ ಆಮೇಲೆ ಸೇರಿಸಿಕೊಂಡಿರಬೇಕು. ಕೊಬ್ಬರಿ, ಬೆಲ್ಲ ಮಾತ್ರ ನಿಜ. ಮೇಜಿಗೆ ಹಿರಿಯಳೆಂದು ಅವಳೊಬ್ಬಳಿಗೆ, ವಿಷಯ ಇತ್ಯರ್ಥವಾಗುವವರೆಗೆ ಒಳಗೆ ಬರಬೇಡಿ ಎಂದು ಹೇಳಲಾಯಿತು.

ಮಾರನೆಯ ಬೆಳಿಗ್ಗೆ ನಾನು ಬಂದಾಗ ಗೇಟಿನ ಹೊರಗಿನ ಹೊಂಗೆ ಮರದ ಕೆಳಗೆ ಕೂತಿದ್ದಳು.

"ಅಕ್ಕ, ಇವತ್ತು ಕೆಲಸಕ್ಕೆ ಬರಬೇಡಿ ಅಂದಿದ್ರಲ್ಲ."

"ಕೆಲ್ಸಕ್ ಬಂದಿಲ್ಲ ಕಣಪ್ಪ. ನನ್ ಹೆಸ್ರು ಒಳಗೈತೆ. ತಗಂಡೋಗಕ್ ಬಂದಿದೀನಿ."

ಅವಳು ಕದ್ದಿಲ್ಲ ಎಂದು ನನಗೆ ಆ ಹೊತ್ತಿಗೆ ಖಚಿತವಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಖಚಿತವಿರಲಿಲ್ಲ. ಖಚಿತವಿದ್ದದ್ದು ಇಷ್ಟು: ಅಷ್ಟೊಂದು ಅಂಗಿ ಮಡಿಲಲ್ಲಿ ಹೋಗುವ ವಸ್ತುವಲ್ಲ. ಗೇಟಿನಿಂದ ಹೋಗಿಲ್ಲವಾದರೆ ಒಳಗೇ ಇರಬೇಕು. ಒಳಗೆ ನಾವು ನೋಡದೆ ಬಿಟ್ಟದ್ದು ಟೇಪು ಎಳೆದ ಪೆಟ್ಟಿಗೆಗಳನ್ನು ಮಾತ್ರ.

ಬಿಚ್ಚುವ ಬದಲು ತೂಗಿ ನೋಡೋಣ ಅನ್ನಿಸಿತು. ಮಂಡಿ ಬಿಟ್ಟುಹೋದ ದೊಡ್ಡ ತೂಕದ ಯಂತ್ರ ಹಿಂದಿನ ಮೂಲೆಯಲ್ಲಿತ್ತು. ಮೇಲಿದ್ದ ಹಳೆ ಗೋಣಿಚೀಲ ತೆಗೆದು, ತುಕ್ಕು ಉಜ್ಜಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಇಟ್ಟೆವು. ಮುಳ್ಳು ಕೆಲವಕ್ಕೆ ಏಳಲೇ ಇಲ್ಲ, ಕೆಲವಕ್ಕೆ ಎದ್ದು ಅಲ್ಲೇ ಸಿಕ್ಕಿಕೊಂಡಿತು. ಒಂದೇ ಪೆಟ್ಟಿಗೆಯನ್ನು ಎರಡು ಸಲ ಇಟ್ಟರೆ ಎರಡು ತೂಕ. ಕೊಬ್ಬರಿ ಮೂಟೆ ತೂಗಿ ಮುದಿಯಾದ ಯಂತ್ರಕ್ಕೆ ಒಂದು ಅಂಗಿ ಹೆಚ್ಚು, ಒಂದು ಅಂಗಿ ಕಡಿಮೆ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಬಿಚ್ಚುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದೆ.

"ಅವರ ಟೇಪು ಆ ಖಾಲಿ ಪೆಟ್ಟಿಗೆಗಳಿಗಷ್ಟೇ ಉಳಿದಿದೆ. ಬಿಚ್ಚಿದ್ರೆ ಏನು ಹಾಕ್ತೀರಿ? ಅಂಗಡೀಲಿ ಸಿಗೋ ಖಾಕಿ ಟೇಪು ನೋಡಿದ್ರೆ ಇಡೀ ಲಾಟ್ ವಾಪಸ್ ಅಂತಾರೆ. ಕಡಿಮೆ ಬಿದ್ದಿದ್ದನ್ನ ಆ ಮೇಜಿನವರ ಸಂಬಳದಲ್ಲಿ ಹಿಡಿಯೋಣ, ಆ ಹೆಂಗಸನ್ನ ಬಿಡಿಸೋಣ. ಅಲ್ಲಿಗೆ ಮುಗೀತು."

ವಾದ ಮಾಡಲಿಲ್ಲ. ಜಗಲಿಗೆ ಹೋಗಿ, ಮಂಡಿ ಮೇಜಿನ ಗುರುತಿದ್ದ ಒಂದು ಪೆಟ್ಟಿಗೆ ಕೆಳಗಿಳಿಸಿ, ದಾರ ಕತ್ತರಿಸುವ ಬ್ಲೇಡಿನಿಂದ ಟೇಪು ಸೀಳಿದೆ. ಎಣಿಸಿದೆ. ಇಪ್ಪತ್ತೊಂದು. ನನ್ನದೇ ತಪ್ಪಿರಬೇಕೆಂದು ಚೆಕಿಂಗ್ ಹುಡುಗಿಯನ್ನು ಕರೆದೆ. ಅವಳು ಎಣಿಸಿದಳು. ಇಪ್ಪತ್ತೊಂದು. ಎರಡನೆಯ ಪೆಟ್ಟಿಗೆ, ಮೂರನೆಯದು. ಎಲ್ಲದರಲ್ಲೂ ಒಂದೊಂದು ಹೆಚ್ಚು. ಬೇರೆ ಮೇಜಿನ ಪೆಟ್ಟಿಗೆ ಸೀಳಿದೆವು, ಸರಿಯಾಗಿ ಇಪ್ಪತ್ತು.

"ಸಾರ್, ನಾನು ಕಿವಿಯಾರೆ ಕೇಳಿದೀನಿ. ಪ್ರತಿ ಸಲ ಇಪ್ಪತ್ತಕ್ಕೇ ನಿಲ್ಲಿಸ್ತಾರೆ" ಅಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ಗುರುತು ಹಾಕಿದವಳು ಅವಳಲ್ಲವೇ?

ಕಾವಲಿನವನು ಹೋಗಿ ಎಣಿಕೆಯಕ್ಕನನ್ನು ಒಳಗೆ ಕರೆತಂದ.

"ಅಕ್ಕ, ಒಂದು ಪೆಟ್ಟಿಗೆ ತುಂಬಿ ತೋರಿಸಿ."

"ಯಾಕಪ್ಪ, ತುಂಬಕ್ಕೂ ಬರಲ್ಲ ಅಂತಾರಾ ಈಗ?" ಅನ್ನುತ್ತಾ ಮೊದಲ ಅಂಗಿ ಎತ್ತಿ ಪೆಟ್ಟಿಗೆಯೊಳಗೆ ಇಟ್ಟಳು. "ಲಾಭ." ಎರಡನೆಯದನ್ನು ಇಟ್ಟಳು. "ಒಂದು." ಮೂರನೆಯದನ್ನು ಇಟ್ಟು "ಎರಡು" ಅಂದಳು.

"ನಿಲ್ಲಿಸಿ ಅಕ್ಕ. ಲಾಭ ಅಂದ್ರೆ ಒಂದಲ್ವಾ?"

"ಅದೆಂಗಾಯ್ತದಪ್ಪ? ಲಾಭ ಲಾಭ. ಒಂದು ಒಂದು."

"ನಮ್ಮವ್ವ ರಾಗಿ ಅಳೆಯುವಾಗ ಲಾಭ ಆದ ಮೇಲೆ ಎರಡು ಅನ್ನೋಳು."

"ನಿಮ್ಮವ್ವ ಮನೆಗೆ ಅಳೆದೋಳು. ನಾವು ಮಾರಕ್ಕೆ ಎಣಿಸ್ದೋರು. ನಮ್ ಮಂಡೀಲಿ ಮೊದಲ್ನೇದು ತಗಳೋನ್ದು, ಲೆಕ್ಕುಕ್ಕಿಲ್ಲ. ಕೊಸರು ಅಂತ ಕೊನೇಲಿ ಕೇಳುಸ್ಕಂಡು ಕೊಡಬಾರ್ದು, ಮೊದ್ಲೇ ಹಾಕ್‌ಬುಡ್ಬೇಕು. ಅವ್ನು ಮನೆಗೋಗಿ ಎಣಿಸ್ದಾಗ ಒಂದು ಜಾಸ್ತಿ ಇರ್ಲಿ, ಕಮ್ಮಿ ಇರಬಾರ್ದು."

"ಇಲ್ಲಿ ತಗೊಳ್ಳೋರು ಯಾರು, ಎಲ್ಲಿಯವರು ಅಂತ ಗೊತ್ತಾ?"

"ಹಡಗಲ್ಲೋಯ್ತದಂತಲ್ಲ. ದೂರದೋರು ಕಮ್ಮಿ ಬಿತ್ತು ಅಂತ ತಿರ್ಗಾ ಬಂದು ಕೇಳಕ್ಕಾಯ್ತದಾ? ಅಂಥೋರಿಗೇ ಅಲ್ವಾ ಮೊದ್ಲು ಕೊಡ್ಬೇಕಾದ್ದು?"

ಕಾವಲಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದೇ ಸಾ, ಮಂಡೀಲಿ ಅಂಗೇ" ಅಂದ. ಅವನಿಗೂ ಗೊತ್ತಿತ್ತು, ಯಾರೂ ಅವನನ್ನು ಕೇಳಿರಲಿಲ್ಲ. ಈ ಸೀಮೆಯವನಲ್ಲದ ಸೂಪರ್‌ವೈಸರ್ ಇದ್ದಿದ್ದರೆ ಮೊದಲ ದಿನವೇ ಏನಮ್ಮ ಅದು ಲಾಭ ಎಂದು ಕೇಳುತ್ತಿದ್ದ. ನನಗೆ ಆ ಮಾತು ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಲಿಲ್ಲ.

ಅವಳನ್ನು ಆಫೀಸಿಗೆ ಕರೆದೊಯ್ದು ವಿಷಯ ಹೇಳಿದೆ. ಮ್ಯಾನೇಜರ್ ಮೊದಲು ನಕ್ಕರು, ಮನಸಾರೆ. ಆಮೇಲೆ ಅಂದರು: "ನೋಡಿ, ಕದ್ದರೂ ನಮಗೆ ಕಡಿಮೆ, ಕೊಟ್ಟರೂ ನಮಗೆ ಕಡಿಮೆ. ಆಯ್ತು, ಕಳ್ಳತನ ಅಲ್ಲ. ಅಮ್ಮ, ನಾಳೆಯಿಂದ ಕೆಲಸಕ್ಕೆ ಬನ್ನಿ. ಸಂಬಳ ಹಿಡಿಯಲ್ಲ."

ಎಣಿಕೆಯಕ್ಕ ಕದಲಲಿಲ್ಲ.

"ಕಳ್ಳಿ ಅಂದಿದ್ದು ಗೇಟಲ್ಲಿ. ಅಲ್ಲ ಅನ್ನೋದು ಆಫೀಸಲ್ಲಾ?"

"ಯಾರೂ ಕಳ್ಳಿ ಅಂದಿಲ್ಲಮ್ಮ."

"ಮಡ್ಲು ಕೊಡವ್ಸಿದ್ರಲ್ಲ ಸ್ವಾಮಿ. ಬಸ್ನೋರೆಲ್ಲ ನೋಡಿದ್ರು. ಅದೇ ಗೇಟಲ್ಲಿ, ಅದೇ ಬಸ್ಸಿನ್ ಮುಂದೆ ಹೇಳಿ. ಇನ್ನೇನೂ ಬ್ಯಾಡ."

ಒಬ್ಬರಿಗೆ ಹಾಗೆ ಹೇಳಿದರೆ ನಾಳೆ ಇನ್ನೊಬ್ಬರು ಕೇಳುತ್ತಾರೆ ಎಂದು ಮ್ಯಾನೇಜರ್ ಒಪ್ಪಲಿಲ್ಲ. ಹೊರಗೆ ಬಂದ ಮೇಲೆ ನಾನು ಅವಳಿಗೆ ಹೇಳಿದೆ: "ಅಕ್ಕ, ಬೆಲ್ ಹೊಡೆಯೋವರೆಗೆ ಇರಿ. ಎಲ್ಲರೂ ಹೊರಗೆ ಬರುವಾಗ ಗೇಟಲ್ಲಿ ನಾನೇ ಹೇಳ್ತೀನಿ." ಅವಳು ಮತ್ತೆ ಹೊಂಗೆ ಮರದ ಕೆಳಗೆ ಹೋಗಿ ಕೂತಳು.

ಒಳಗೆ ಕೆಲಸ ಶುರುವಾಯಿತು. ಮಂಡಿ ಮೇಜಿನ ಪೆಟ್ಟಿಗೆಗಳನ್ನಷ್ಟೇ ಬಿಚ್ಚಿ ಹೆಚ್ಚಿನ ಅಂಗಿ ತೆಗೆದು ಖಾಲಿ ಪೆಟ್ಟಿಗೆಗೆ ತುಂಬಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಖಾಕಿ ಟೇಪು ಕೆಲವು ಪೆಟ್ಟಿಗೆಗೆ ಮಾತ್ರ ಇದ್ದರೆ ತಪಾಸಣೆಯವರು ಅವುಗಳ ಮೇಲೇ ಬೀಳುತ್ತಾರೆ. ಎಲ್ಲವನ್ನೂ ಬಿಚ್ಚಿ, ಎಲ್ಲವನ್ನೂ ಮತ್ತೆ ಎಣಿಸಿ, ಎಲ್ಲಕ್ಕೂ ಒಂದೇ ಟೇಪು ಹಾಕಿ, ಮರು ಎಣಿಕೆ ಮಾಡಿದ್ದೇವೆ ಎಂದು ನಾವೇ ಮುಂದಾಗಿ ಹೇಳೋಣ ಅಂದೆ. ಈ ಸಲ ಮ್ಯಾನೇಜರ್ ಒಪ್ಪಿದರು. ತೀರ್ಮಾನ ಸರಿಯಾಗಿತ್ತು. ಮರುದಿನ ಬಂದವರು ನಾಲ್ಕಾರು ಪೆಟ್ಟಿಗೆ ಎಣಿಸಿ, ತಲೆಯಾಡಿಸಿ ಸಹಿ ಹಾಕಿ ಹೋದರು. ಕೆಲಸದ ವಿಷಯದಲ್ಲಿ ಅಷ್ಟು ಸರಿಯಾದ ತೀರ್ಮಾನ ನಾನು ಹೆಚ್ಚು ಮಾಡಿಲ್ಲ.

ಅದರಿಂದ ಬೆಲ್ ತಡವಾಯಿತು. ಎಲ್ಲ ಮೇಜಿನವರನ್ನೂ ಹೆಚ್ಚು ಹೊತ್ತಿಗೆ ಉಳಿಸಿಕೊಂಡೆವು. ಗಾರ್ಮೆಂಟ್ಸ್ ಬಸ್ಸು ಕಾಯುತ್ತದೆ, ಶೆಟ್ಟಿಕೆರೆಯ ಬಸ್ಸು ಕಾಯುವುದಿಲ್ಲ. ಅವಳು ಎರಡು ಸಲ ಗೇಟಿಗೆ ಬಂದು "ಬೆಲ್ ಆಯ್ತೇನ್ಲಾ?" ಎಂದು ಕೇಳಿದಳಂತೆ. ಆಮೇಲೆ ಎದ್ದು, ಸೀರೆಯ ಧೂಳು ಕೊಡವಿಕೊಂಡು ಹೋದಳಂತೆ. ಇದು ಕಾವಲಿನವನ ಮಾತು.

ಬೆಲ್ ಹೊಡೆದಾಗ ಮಬ್ಬಾಗಿತ್ತು. ನನ್ನ ನೆನಪಿನಲ್ಲಿ ನಾನು ಗೇಟಿನ ಪಕ್ಕದ ಕಟ್ಟೆ ಹತ್ತಿ, ಎಲ್ಲರನ್ನೂ ನಿಲ್ಲಿಸಿ, ಎಣಿಕೆಯಕ್ಕ ಏನೂ ತೆಗೆದಿಲ್ಲ, ಒಂದೊಂದು ಹೆಚ್ಚೇ ಕೊಟ್ಟಿದ್ದಾಳೆ ಎಂದು ಗಟ್ಟಿಯಾಗಿ ಹೇಳಿದ್ದೇನೆ. ಚೆಕಿಂಗ್ ಹುಡುಗಿ ಈಗ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ಕೇಳಿದೆ.

"ಇಲ್ಲ ಸಾರ್, ಹೇಳಿದ್ದು ಆ ಸೆಕ್ಯುರಿಟಿ ಅಣ್ಣ. ಟೋಪಿ ಕೈಲಿ ಹಿಡ್ಕೊಂಡು ಅಳ್ತಾ ಹೇಳಿದ್ರು. ನೀವು ಪಕ್ಕದಲ್ಲಿ ನಿಂತಿದ್ರಿ."

ಕಾವಲಿನವನು ಈಗ ಲಗೇಜ್ ಆಟೋ ಓಡಿಸುತ್ತಾನೆ. ಅವನನ್ನೂ ಕೇಳಿದೆ. "ನಾನೆಲ್ಲಿ ಹೇಳ್ದೆ ಸಾ? ನೀವೇ ಹೇಳಿದ್ರಿ" ಅಂದ. ಕಟ್ಟೆಯ ಮಾತು ತೆಗೆದಾಗ, "ಅಲ್ಲಿ ಕಟ್ಟೆ ಎಲ್ಲಿತ್ತು ಸಾ?" ಎಂದು ನಕ್ಕ.

ಹೇಳಿದ್ದು ಯಾರೆಂಬುದರಲ್ಲಿ ನಮ್ಮ ಮೂವರಿಗೂ ಒಮ್ಮತವಿಲ್ಲ. ಕೇಳಬೇಕಾದವಳು ಅಲ್ಲಿರಲಿಲ್ಲ ಎಂಬುದರಲ್ಲಿ ಇದೆ.

ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಂಡಿ ಮೇಜಿನ ಉಳಿದವರು ಬಂದರು. ಗೇಟಿನಲ್ಲಿ ಹೇಳಿದೆವು ಎಂದು ಅವರ ಕೈಲಿ ಹೇಳಿಕಳಿಸಿದೆ. "ಆಯ್ತಂತೆ ಸಾ" ಎಂದು ಬಂದು ಹೇಳಿದರು, ಅಷ್ಟೇ. ಅವರ ಪಕ್ಕದಲ್ಲಿ ನಿಂತು ಕಲಿಸಿದೆ: ಲಾಭ ಬೇಡ, ಒಂದು ಅನ್ನಿ. ಮೊದಮೊದಲು ತುಟಿ ಲಾಭಕ್ಕೆ ತೆರೆದು, ನನ್ನನ್ನು ನೋಡಿ, ಒಂದು ಅನ್ನುತ್ತಿದ್ದರು. ನಡುವೆ ಒಂದು ಕ್ಷಣ ಕೈಯಲ್ಲಿದ್ದ ಅಂಗಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಆಮೇಲೆ ಅದೂ ಹೋಯಿತು. ಲೆಕ್ಕ ಮತ್ತೆಂದೂ ತಪ್ಪಲಿಲ್ಲ.

ಗಾರ್ಮೆಂಟ್ಸ್ ಕೂಡ ಉಳಿಯಲಿಲ್ಲ. ಆರ್ಡರು ಬೇರೆ ಕಡೆ ಹೋಯಿತು ಎಂದು ಒಂದು ದಿನ ಯಂತ್ರಗಳನ್ನು ಲಾರಿಗೆ ಹತ್ತಿಸಿದರು. ಈಗ ಆ ಕಟ್ಟಡ ಪಾರ್ಸೆಲ್ ಗೋಡೌನು. ನಾನೂ ಅಲ್ಲೇ ಇದ್ದೇನೆ, ಬಂದ ಪೊಟ್ಟಣಗಳನ್ನು ಊರೂರಿನ ಚೀಲಗಳಿಗೆ ಹಂಚಿಸುವ ಕೆಲಸ. ಎಣಿಸುವವರು ಯಾರೂ ಇಲ್ಲ. ಪೊಟ್ಟಣದ ಗೆರೆಗಳಿಗೆ ಯಂತ್ರ ಹಿಡಿದರೆ ಕೀಂ ಅನ್ನುತ್ತದೆ, ಎಣಿಕೆ ಎಲ್ಲೋ ಆಗುತ್ತದೆ. ಗೋಡೆ ಈಗಲೂ ಬೆವರುತ್ತದೆ. ನಡುವಿನ ಕಂಬಕ್ಕೆ ಕೊನೆಗೂ ಬಡ್ತಿ ಸಿಕ್ಕಿದೆ, ತಲೆಯ ಮೇಲೆ ಕ್ಯಾಮೆರಾ ಕೂರಿಸಿದ್ದಾರೆ. ಇದನ್ನು ಹೇಳಿದರೆ ನಗುವವಳು ಒಬ್ಬಳೇ ಇದ್ದಳು.

ಕೆಲವು ತಿಂಗಳ ಹಿಂದೆ ಮನೆಯ ಒಂದು ಕಾರ್ಯಕ್ಕೆ ಕಾಯಿ ಬೇಕಾಗಿತ್ತು. ಶೆಟ್ಟಿಕೆರೆಯ ಕಡೆ ಹೋಗಿ ಬರುವಾಗ ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕಾಯಿ ರಾಶಿ ಹಾಕಿಕೊಂಡು ಕೂತಿದ್ದವಳು ಅವಳೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು. ಗುರುತು ಹತ್ತಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಚೆನ್ನಾಗಿದ್ದೀರಾ ಅಕ್ಕ ಅಂದೆ. ಊಂ ಅಂದಳು. ಎಷ್ಟು ಬೇಕು ಅಂದಳು.

"ಇಪ್ಪತ್ತು" ಅಂದೆ. ಬೇಕಾಗಿದ್ದದ್ದು ಅಷ್ಟಲ್ಲ. ಬಾಯಿಗೆ ಅದೇ ಬಂತು.

ಅವಳು ಮೊದಲ ಕಾಯಿ ಎತ್ತಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಾನು ಕಾದೆ.

"ಒಂದು" ಅಂದಳು. ಚೀಲಕ್ಕೆ ಹಾಕಿದಳು. "ಎರಡು."

ಇಪ್ಪತ್ತರವರೆಗೆ ನಾನೂ ಒಳಗೊಳಗೇ ಎಣಿಸಿದೆ. ಇಪ್ಪತ್ತಕ್ಕೆ ಅವಳ ಕೈ ನಿಂತಿತು. ಕೊಸರು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ಚೀಲದ ಬಾಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು.

"ಸರ್ಯಾಗೈತೆ. ಬೇಕಾದ್ರೆ ಸುರ್ಕಂಡು ಎಣಿಸ್ಕಳಿ" ಅಂದಳು.